ಕಾಫಿಯ ಬೀರೂ ಕನ್ನಡದ ನಾಲಗೆಯೂ

ಬೆಂಗಳೂರಿನ ಬ್ರೂಪಬ್ಬುಗಳಲ್ಲಿ, ಒಂದೇ ತೋಟದಲ್ಲಿ ಬೆಳೆದ ಕಾಫಿಯನ್ನು ಕೂಡಿಸಿ ತಯಾರಿಸಿದ ಬ್ರೌನ್ ಏಲ್ ಎಂಬ ಕಂದುಬಣ್ಣದ ಬೀರು ಈಚಿನ ವರ್ಷಗಳಲ್ಲಿ ಆಗಾಗ ಕಾಣಬರುತ್ತಿದೆ. ಅದನ್ನು ರುಚಿ ನೋಡುವುದಕ್ಕೂ ಒಂದು ವಿಧಿ ಏರ್ಪಟ್ಟಿದೆ. ಗಿಡ್ಡ ಗಾಜಿನ ಲೋಟಗಳಲ್ಲಿ ನಾಲ್ಕಾರು ಗುಟುಕಿನಷ್ಟು ಪಾನೀಯವನ್ನು ಸುರಿದು, ಪಕ್ಕದಲ್ಲಿ ಒಂದು ಚೀಟಿಯನ್ನಿಡುವರು. ಆ ಚೀಟಿಯಲ್ಲಿ ಕಾಫಿ ಬೆಳೆದ ತೋಟದ ಹೆಸರು, ಬೆಟ್ಟದ ಎತ್ತರ, ಬೀಜವನ್ನು ಒಣಗಿಸಿದ ಬಗೆ, ಇಷ್ಟೂ ಇರುವುದು. ಅದರ ಕೆಳಗೆ ರುಚಿಯ ವರ್ಣನೆ: ಟಾಫಿ, ಬಿಸ್ಕತ್ತು, ಹೇಜಲ್‌ನಟ್, ಬ್ಲೂಬೆರಿ. ಮಾಗಡಿಯಿಂದಲೋ ಕನಕಪುರದಿಂದಲೋ ಹೋಗಿ ನಗರದಲ್ಲಿ ಕೆಲಸಕ್ಕೆ ನಿಂತ ತರುಣನೊಬ್ಬನು, ಹೇಜಲ್‌ನಟ್ಟಿನ ಮರವನ್ನಾಗಲಿ ಕಾಯನ್ನಾಗಲಿ ಕಣ್ಣಿನಿಂದಲೂ ಕಾಣದವನು, ಚೀಟಿಯನ್ನು ಓದಿ, ಒಂದು ಗುಟುಕನ್ನು ನುಂಗಿ, ಹೌದು, ಹೇಜಲ್‌ನಟ್ಟೇ ಸರಿ ಎಂದು ತಲೆದೂಗುವನು. ಅವನು ಕುಡಿದುದಕ್ಕೆ ಆಕ್ಷೇಪವಿಲ್ಲ. ತಲೆದೂಗಿದನಲ್ಲ, ಅದಕ್ಕೆ ಆಕ್ಷೇಪವುಂಟು.

ಈ ವಿಷಯದಲ್ಲಿ ಎರಡು ಪಕ್ಷದವರಿದ್ದಾರೆ. ಒಂದು ಪಕ್ಷದವರ ಮತ, ಇಂಥ ಪಾನೀಯದ ಮಾತನ್ನು ಕನ್ನಡದಲ್ಲಿ ಆಡಲಾಗದು ಎಂಬುದು. ಕನ್ನಡದಲ್ಲಿ ಅದಕ್ಕೆ ಪದಗಳಿಲ್ಲವಂತೆ. ಇನ್ನೊಂದು ಪಕ್ಷದವರ ಮತ, ಇಂಥ ಪಾನೀಯದ ಮಾತನ್ನು ಕನ್ನಡದಲ್ಲಿ ಆಡಬಾರದು ಎಂಬುದು, ಅದು ಸಭ್ಯವಲ್ಲವಂತೆ. ಮೊದಲನೆಯವರು ಪಬ್ಬಿನಲ್ಲಿ ಕುಳಿತಿರುವರು, ಎರಡನೆಯವರು ಸಭೆಗಳ ವೇದಿಕೆಯ ಮೇಲೆ. ಪರಸ್ಪರ ಮುಖ ಕಂಡರಾಗದ ಈ ಇಬ್ಬರೂ ಫಲದಲ್ಲಿ ಮಾತ್ರ ಒಂದಾಗಿದ್ದಾರೆ. ಇಬ್ಬರ ತೀರ್ಪಿನಂತೆಯೂ ಕನ್ನಡವು ಬಾಯಿ ಮುಚ್ಚಿಕೊಂಡಿರತಕ್ಕದ್ದು.

ಮೊದಲು ವಸ್ತುವೇನೆಂಬುದನ್ನು ನೋಡಬೇಕು. ಬೀರಿಗೆ ಮೂಲ ಬಾರ್ಲಿ, ಎಂದರೆ ಜವೆಗೋಧಿ. ಅದನ್ನು ನೀರಿನಲ್ಲಿ ನೆನೆಸಿ, ಮೊಳಕೆ ಬರಿಸಿ, ಮೊಳಕೆ ಉದ್ದವಾಗುವುದಕ್ಕೆ ಮೊದಲೇ ಬಿಸಿಗಾಳಿಯಲ್ಲಿ ಒಣಗಿಸಿದರೆ ಅದೇ ಮಾಲ್ಟ್. ಧಾನ್ಯವು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ಸಕ್ಕರೆಯನ್ನಾಗಿ ಒಡೆಯಬಲ್ಲ ಕಿಣ್ವಗಳನ್ನು ತಾನೇ ಹುಟ್ಟಿಸಿಕೊಳ್ಳುವುದು. ಬೀರಿನ ಕಸುಬೆಲ್ಲ ನಿಂತಿರುವುದು ಈ ಒಂದು ಗುಟ್ಟಿನ ಮೇಲೆ. ಮಾಲ್ಟನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಕಲಸಿ, ಸಿಹಿನೀರನ್ನು ಬಸಿದು, ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಕಹಿಗಾಗಿ ಹಾಕಿ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸಿ ಹುದುಗಲು ಬಿಡುವರು. ಮಾಲ್ಟಿನಲ್ಲಿ ಒಂದು ಪಾಲನ್ನು ಕಂದುಬಣ್ಣಕ್ಕೆ ತಿರುಗುವಂತೆ ಹುರಿದುಕೊಂಡರೆ ಬ್ರೌನ್ ಏಲ್. ಇದ್ದಿಲಿನ ಬಣ್ಣಕ್ಕೆ ಬರುವಂತೆ ಹುರಿದುಕೊಂಡರೆ ಸ್ಟೌಟ್ ಎಂಬ ಕರಿಯ ಬೀರು. ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ೧೯೨೭ರಲ್ಲಿ ಮಾರಾಟಕ್ಕೆ ಬಂದ ಬ್ರೌನ್ ಏಲ್ ಈ ಜಾತಿಗೆ ಲೋಕದಲ್ಲೆಲ್ಲ ಹೆಸರು ತಂದಿತು.

ಈಗ ವಾಚಕರು ಒಂದು ಕ್ಷಣ ಯೋಚಿಸಲಿ. ಧಾನ್ಯವನ್ನು ರಾತ್ರಿ ನೆನೆಸಿ, ಒದ್ದೆಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆಯೊಡೆದ ಮೇಲೆ ನೆರಳಿನಲ್ಲಿ ಒಣಗಿಸಿ, ಘಮ್ಮೆನ್ನುವಂತೆ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸುವ ಕೆಲಸವನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಯಾವ ಅಜ್ಜಿ ಅರಿಯಳು? ಹಾಗೆ ಮಾಡಿದ ರಾಗಿಯ ಹಿಟ್ಟಿನ ಸರಿಯೇ ಈ ನಾಲ್ಕು ತಾಲ್ಲೂಕುಗಳ ಕೂಸು ತಾಯಿಯ ಹಾಲಿನ ಬಳಿಕ ಬಾಯಿಗೆ ಇಟ್ಟುಕೊಳ್ಳುವ ಮೊದಲ ಅನ್ನ. ಮೊಳಕೆ ಕಟ್ಟಿ ಹುರಿದ ಧಾನ್ಯದ ಕಂಪು ಏನೆಂಬುದನ್ನು ಇಲ್ಲಿಯವರು ಹಲ್ಲು ಹುಟ್ಟುವ ಮುಂಚೆಯೇ ಕಲಿತಿದ್ದಾರೆ. ಬ್ರೌನ್ ಏಲಿನ ಲೋಟವನ್ನು ಮೂಗಿನ ಬಳಿ ಹಿಡಿದರೆ ಮೊದಲು ಬರುವುದು ಅದೇ ಕಂಪು, ಅದರ ಜೊತೆಗೆ ಹುರಿಹಿಟ್ಟಿನ ಒಣ ಘಮ. ಇದಕ್ಕೆ ಬಿಸ್ಕತ್ತೆಂದು ಹೆಸರಿಟ್ಟವನು ತನ್ನ ಬಾಲ್ಯದಲ್ಲಿ ಬಿಸ್ಕತ್ತನ್ನು ತಿಂದವನು. ಅವನ ಮಟ್ಟಿಗೆ ಆ ಮಾತು ನಿಜ. ಸರಿ ತಿಂದು ಬೆಳೆದವನು ಬಿಸ್ಕತ್ತೆಂದರೆ, ಬೇರೊಬ್ಬರ ಬಾಲ್ಯವನ್ನು ತನ್ನದೆಂದು ಹೇಳಿಕೊಂಡಂತಾಯಿತು.

ಕಾಫಿಯ ಮಾತೂ ಹೀಗೆಯೇ. ಸ್ಟೌಟಿಗೆ ಕಾಫಿಯನ್ನು ಹಾಕಿದರೆ, ಹುರಿದು ಕಪ್ಪಾದ ಬಾರ್ಲಿಯೇ ಕಾಫಿಯ ಹಾಗೆ ನಾರುವುದರಿಂದ, ಹಾಕಿದ ಕಾಫಿ ಯಾವ ಬೆಟ್ಟದ್ದೆಂಬುದು ಗೊಂದಲದಲ್ಲಿ ಮುಳುಗಿ ಹೋಗುವುದು. ಬ್ರೌನ್ ಏಲ್ ಸೌಮ್ಯವಾದುದು. ತೋಟದ ಗುಣವೇನಾದರೂ ಕಾಫಿಯಲ್ಲಿ ಇದ್ದರೆ ಅದು ಎದ್ದು ಬರುವುದಕ್ಕೆ ಇಲ್ಲಿ ಎಡೆಯಿದೆ. ಅದಕ್ಕೇ ಬುದ್ಧಿವಂತನಾದ ಕಸುಬುದಾರನು ಬೀಜವನ್ನು ಹದವಾಗಿ ಮಾತ್ರ ಹುರಿಸಿ, ಬೀರು ಹುದುಗಿ ಮುಗಿದ ಮೇಲೆ ಅದರಲ್ಲಿ ತಣ್ಣಗೆ ನೆನೆಹಾಕಿ, ಒಂದು ದಿನದ ಆಚೀಚೆಗೆ ತೆಗೆದುಬಿಡುವನು. ಕುದಿಸಿದ ಕಾಫಿಯನ್ನು ಸುರಿದರೆ ಒಗರೂ ಕಹಿಯೂ ಮೇಲೇಳುವುವು. ತೆಗೆಯುವುದು ತಡವಾದರೆ, ಅಥವಾ ಬೀರು ಹಳೆಯದಾದರೆ, ಹಸಿಯ ದೊಣ್ಣೆಮೆಣಸಿನಕಾಯಿಯನ್ನು ಹೆಚ್ಚಿದ ವಾಸನೆ ಬರುವುದು. ಈ ಕೊನೆಯ ದೋಷವನ್ನು ಹಿಡಿಯಲು ಯಾವ ಚೀಟಿಯೂ ಸಹಾಯ ಮಾಡದು. ತನ್ನ ಬೀರಿನಲ್ಲಿ ಮೆಣಸಿನಕಾಯಿ ನಾರುತ್ತದೆಂದು ಯಾವ ವ್ಯಾಪಾರಿಯೂ ಅಚ್ಚು ಹಾಕಿಸನು.

ಇಂಥ ಒಂದು ಲೋಟವನ್ನು ಕನ್ನಡದಲ್ಲಿಯೇ ಪರೀಕ್ಷಿಸಿದರೆ ಹೇಗಿರುವುದು? ಬಣ್ಣ, ಹಳೆಯ ಜೋನಿಬೆಲ್ಲದ್ದು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು. ನೊರೆ, ಸಂಜೆಯ ಫಿಲ್ಟರ್ ಕಾಫಿಯನ್ನು ಎತ್ತಿ ಹೊಯ್ದಾಗ ಏಳುವ ನೊರೆಗಿಂತ ಸಣ್ಣದು, ಆದರೆ ಹೆಚ್ಚು ಹೊತ್ತು ನಿಲ್ಲತಕ್ಕದ್ದು. ಮೂಗಿಗೆ ಮೊದಲು ಹುರಿದ ಧಾನ್ಯ, ಅದರ ಹಿಂದೆ ಹೊಸದಾಗಿ ಪುಡಿ ಮಾಡಿದ ಕಾಫಿ, ಡಿಕಾಕ್ಷನ್ನಿನದಲ್ಲ, ಪುಡಿಯದು, ಬಿಸಿಯಿಲ್ಲದ ಕಂಪು. ಚಿಕೋರಿ ಬೆರೆಸಿದ ಪುಡಿಗೆ ಒಗ್ಗಿದ ಮೂಗಿಗೆ ಇಲ್ಲಿ ಏನೋ ಕಡಮೆಯೆನ್ನಿಸುವುದು. ಆ ಕಡಮೆಯೇ ಚಿಕೋರಿ. ನಾಲಗೆಯ ತುದಿಯಲ್ಲಿ ಎಳೆಪಾಕದ ಸಿಹಿ, ಗಟ್ಟಿಪಾಕದ್ದಲ್ಲ. ನಡುನಾಲಗೆಯಲ್ಲಿ ಸಣ್ಣ ಹುಳಿ. ತೊಳೆದು ಒಣಗಿಸಿದ, ತೋಟದವರು ಪಾರ್ಚ್‌ಮೆಂಟ್ ಎನ್ನುವ ಕಾಫಿಯಾದರೆ ಈ ಹುಳಿ ಕಿತ್ತಳೆಯ ತೊಳೆಯಂತೆ ತಿಳಿಯಾಗಿರುವುದು. ಹಣ್ಣಿನ ಸಮೇತ ಕಣದಲ್ಲಿ ಒಣಗಿಸಿದ ಚೆರ್ರಿ ಕಾಫಿಯಾದರೆ ಹಲಸಿನ ಹಣ್ಣನ್ನು ಕೊಯ್ದು ಮೂಲೆಯಲ್ಲಿಟ್ಟ ಮನೆಯ ನೆನಪಾಗುವುದು. ನುಂಗಿದ ಮೇಲೆ ಒಗರು. ಅಡಿಕೆಯಷ್ಟು ಗಡುಸಲ್ಲ, ನೆಲ್ಲಿಕಾಯಿಯ ಒಗರಿನಂತೆ ಹಿಂದೆಯೇ ಸಿಹಿಯನ್ನು ಬಿಡುವಂಥದು. ಕಡೆಗೆ ಉಳಿಯುವುದು ಕಹಿ. ಅದು ಕಾಫಿಯ ಕಹಿಯೋ ಹಾಪ್ಸಿನ ಕಹಿಯೋ ಎಂಬುದನ್ನು ಬೇರ್ಪಡಿಸುವುದೇ ರುಚಿ ನೋಡುವವನ ನಿಜವಾದ ಪರೀಕ್ಷೆ: ಕಾಫಿಯದು ಗಂಟಲಿನ ಹತ್ತಿರ ಬೆಚ್ಚಗೆ ಕೂರುವುದು, ಹಾಪ್ಸಿನದು ಮೆಂತ್ಯವನ್ನು ಕಡಿದಂತೆ ನಾಲಗೆಯ ಇಕ್ಕೆಲಗಳನ್ನು ಹಿಡಿಯುವುದು. ಸೀದ ವಾಸನೆಯಿದ್ದರೆ ಹುರಿದವನ ತಪ್ಪು. ಮುಗ್ಗಲಿದ್ದರೆ ದಾಸ್ತಾನು ಮಾಡಿದವನ ತಪ್ಪು. ಹಳಸಿದ ಹುಳಿಯಿದ್ದರೆ ಪಾತ್ರೆ ತೊಳೆದವನ ತಪ್ಪು.

ಒಗರು, ಕಮಟು, ಮುಗ್ಗಲು, ಸೀದದ್ದು, ಹಳಸಿದ್ದು, ಎಳೆಪಾಕ, ಗಟ್ಟಿಪಾಕ: ಇಷ್ಟು ಸೂಕ್ಷ್ಮವಾದ ಭೇದಗಳುಳ್ಳ ಭಾಷೆಗೆ ಪದಗಳಿಲ್ಲವೆಂದವರು ಯಾರು? ಪದಗಳು ಅಡಿಗೆಮನೆಯಲ್ಲಿ ಇವೆ, ಕಣದಲ್ಲಿ ಇವೆ, ಸಂತೆಯಲ್ಲಿ ಇವೆ. ಇಲ್ಲದಿರುವುದು ಅವುಗಳನ್ನು ಗಾಜಿನ ಲೋಟದ ಮುಂದೆ ಉಚ್ಚರಿಸುವ ಧೈರ್ಯ.

ಇದಕ್ಕೆ ಒಂದು ಪ್ರತ್ಯುತ್ತರ ಸಿದ್ಧವಾಗಿದೆ. ಕಾಫಿಯೂ ಬೀರೂ ಜಗದ್ವ್ಯಾಪಾರದ ಸರಕುಗಳು. ಕೊಳ್ಳುವವನು ಜಪಾನಿನಲ್ಲಿರಲಿ ನಾರ್ವೆಯಲ್ಲಿರಲಿ ಒಂದೇ ಮಾತು ನಡೆಯಬೇಕು. ಆದುದರಿಂದ ಒಪ್ಪಿತವಾದ ಶಬ್ದಾವಳಿಯೊಂದು ಅವಶ್ಯವೆಂಬುದು. ವ್ಯಾಪಾರಿ ವ್ಯಾಪಾರಿಗೆ ಬರೆಯುವ ಕಾಗದದಲ್ಲಿ ಅದು ಅವಶ್ಯವೆಂಬುದು ನಿರ್ವಿವಾದ. ಆದರೆ ಇಂದಿರಾನಗರದ ಮೇಜಿನ ಒಂದು ಬದಿಯಲ್ಲಿ ಲೋಟವನ್ನಿಡುವ ಮಾಗಡಿಯವನು, ಇನ್ನೊಂದು ಬದಿಯಲ್ಲಿ ಲೋಟವನ್ನೆತ್ತುವ ಚನ್ನಪಟ್ಟಣದವನು, ಇವರಿಬ್ಬರ ನಡುವೆ ನಾರ್ವೆಯವನು ಎಲ್ಲಿಂದ ಬಂದ? ರುಚಿಯೆಂಬುದು ನೆನಪಿನ ವ್ಯವಹಾರ. ತಿನ್ನದ ಹಣ್ಣನ್ನು ನೆನೆಯಲು ಯಾರಿಂದಲೂ ಆಗದು. ನೆನೆದೆನೆಂದು ಹೇಳಬಹುದು, ಅಷ್ಟೆ. ಅಂಥ ಹೇಳಿಕೆ ಸಾಕ್ಷ್ಯವಾಗದು.

ಸಾಕ್ಷ್ಯದ ಮಾತು ಇಲ್ಲಿ ಸುಮ್ಮನೆ ಬಂದುದಲ್ಲ. ಒಂದೇ ತೋಟದ ಕಾಫಿ ಎಂಬುದು ಒಂದು ಪ್ರಮಾಣವಚನ. ಭಾರತದಲ್ಲಿ ಆ ಪ್ರಮಾಣವನ್ನು ಮಾಡುವ ಹಕ್ಕು ಬೆಳೆಗಾರನಿಗೆ ಬಂದು ಬಹಳ ಕಾಲವಾಗಿಲ್ಲ. ಬಾಬಾಬುಡನರು ಯೆಮನ್ ದೇಶದಿಂದ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಹದಿನೇಳನೆಯ ಶತಮಾನದ ಐತಿಹ್ಯ ಎಲ್ಲರಿಗೂ ತಿಳಿದಿದೆ. ದೇಶದ ಕಾಫಿಯಲ್ಲಿ ಹೆಚ್ಚುಕಡಮೆ ಶೇಕಡಾ ೭೦ರಷ್ಟು ಕರ್ನಾಟಕದಲ್ಲಿಯೇ ಬೆಳೆಯುವುದೂ ತಿಳಿದಿದೆ. ಆದರೆ ೧೯೪೨ರ ಕಾಫಿ ಶಾಸನದ ತರುವಾಯ ಐವತ್ತು ವರ್ಷಗಳಿಗೂ ಮಿಗಿಲಾಗಿ, ಬೆಳೆದುದೆಲ್ಲವೂ ಕಾಫಿ ಮಂಡಳಿಯ ಒಂದೇ ರಾಶಿಗೆ ಹೋಗಿ ಬೀಳುತ್ತಿದ್ದಿತು. ಯಾವ ತೋಟದ್ದು ಯಾವುದೆಂಬ ಗುರುತು ರಾಶಿಯಲ್ಲಿ ಕರಗುತ್ತಿದ್ದಿತು. ೧೯೯೦ರ ದಶಕದ ನಡುವೆ ಆ ಕಟ್ಟು ಸಡಿಲಿದ ಮೇಲೆ ತೋಟಗಳಿಗೆ ಹೆಸರು ಮರಳಿ ಬಂದಿತು. ೨೦೧೯ರಲ್ಲಿ ಕೊಡಗಿನ ಅರಾಬಿಕಾ, ಚಿಕ್ಕಮಗಳೂರಿನ ಅರಾಬಿಕಾ, ಬಾಬಾಬುಡನ್‌ಗಿರಿಯ ಅರಾಬಿಕಾ ಇವುಗಳಿಗೆ ಭೌಗೋಳಿಕ ಗುರುತಿನ ಮುದ್ರೆಯೂ ದೊರೆಯಿತು. ಬಾಳೆಹೊನ್ನೂರಿನ ಸಂಶೋಧನಾಲಯದಿಂದ ೧೯೪೦ರ ದಶಕದಲ್ಲಿ ಹೊರಬಂದ ಎಸ್. ೭೯೫ ಎಂಬ ತಳಿಯ ಹೆಸರನ್ನು ಇಂದು ಕುಡಿಯುವವನೂ ಕೇಳಬಲ್ಲನು. ಒಳ್ಳೆಯದೇ. ಆದರೆ ಮುದ್ರೆಯೊಂದರಿಂದಲೇ ಪ್ರಮಾಣ ನಿಲ್ಲುವುದಾಗಿದ್ದರೆ ಚನ್ನಪಟ್ಟಣದ ಅರಗಿನ ಬೊಂಬೆಗೆ ಹೊರಗಿನ ಅಗ್ಗದ ಬೊಂಬೆಯ ಕಾಟವಿರಬೇಕಾಗಿರಲಿಲ್ಲ. ಅದಕ್ಕೂ ಅಂಥದೇ ಮುದ್ರೆಯಿದೆ. ಹಾಲೆಮರದ ಹಗುರವನ್ನೂ ಅರಗಿನ ಮೆರುಗನ್ನೂ ಕೈ ಬಲ್ಲವನು ಕೊಳ್ಳುವಾಗ ಮಾತ್ರ ಮುದ್ರೆಗೆ ಬೆಲೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂಲು ತೆಗೆಯುವವನು ರಾಶಿಗೆ ಕೈ ಹಾಕಿ ಒಂದು ಹಿಡಿ ಗೂಡನ್ನೆತ್ತುವನು; ಬೆರಳಿನಿಂದ ಒತ್ತಿ ಗಟ್ಟಿ ನೋಡುವನು; ಕಿವಿಯ ಬಳಿ ಅಲುಗಿಸುವನು; ತೆಳುಗೂಡು, ಕಲೆಗೂಡು, ಎರಡು ಹುಳು ಸೇರಿ ಕಟ್ಟಿದ ಗೂಡು, ಒಳಗೆ ಹುಳು ಸತ್ತ ಗೂಡು ಎಂದು ಕ್ಷಣದಲ್ಲಿ ವಿಂಗಡಿಸಿ ಮನಸ್ಸಿನಲ್ಲಿಯೇ ದರ ಕಟ್ಟುವನು. ಹರಾಜು ಈಗ ಯಂತ್ರದ ಮೂಲಕ ನಡೆಯುವುದಾದರೂ ಬೆರಳಿನ ಕೆಲಸವನ್ನು ಯಂತ್ರ ಕಸಿದುಕೊಂಡಿಲ್ಲ. ಇವನ ಮುಂದೆ ಗೂಡಿನ ಗುಣವರ್ಣನೆಯ ಚೀಟಿಯನ್ನು ಇಟ್ಟು ತಲೆದೂಗೆಂದರೆ ದೂಗುವನೇ? ಅದೇ ಮನುಷ್ಯನ ಮಗನು ನಾಲ್ಕು ನೂರು ರೂಪಾಯಿಯನ್ನು ಒಂದು ಲೋಟಕ್ಕೆ ತೆತ್ತು, ತನ್ನ ನಾಲಗೆಯನ್ನು ಚೀಟಿಯ ವಶಕ್ಕೆ ಒಪ್ಪಿಸುವನಾದರೆ, ತಂದೆಯ ಬೆರಳಿಗಿದ್ದ ಸ್ವಾತಂತ್ರ್ಯ ಮಗನ ನಾಲಗೆಗೆ ಇಲ್ಲವಾಯಿತೆನ್ನಬೇಕು. ಅಂಥವನಿಗೆ ಯಾವ ಬೆಟ್ಟದ ಕಾಫಿಯೆಂದು ಹೇಳಿ ಯಾವುದನ್ನು ಬೇಕಾದರೂ ಕುಡಿಸಬಹುದು.

ಇನ್ನು ಎರಡನೆಯ ಪಕ್ಷ. ಸಾಹಿತ್ಯದ ಪತ್ರಿಕೆಯಲ್ಲಿ ಬೀರಿನ ಮಾತೇಕೆಂದು ಹುಬ್ಬು ಗಂಟಿಕ್ಕುವ ಮಹಾಶಯರಿಗೆ ಒಂದು ಸಂಗತಿಯನ್ನು ನೆನಪಿಗೆ ತರಬೇಕಾಗಿದೆ. ಯೆಂಡ್ಕುಡ್ಕ ರತ್ನನನ್ನು ಸೃಷ್ಟಿಸಿದ ಜಿ. ಪಿ. ರಾಜರತ್ನಂ ಅವರು ಹುಟ್ಟಿದುದು ಇದೇ ರಾಮನಗರದಲ್ಲಿ. ಕವಿಯು ತಾವು ಹೆಂಡವನ್ನು ಮುಟ್ಟಿದವರಲ್ಲವೆಂದು ಪ್ರತೀತಿ. ಆದರೂ ೧೯೩೦ರ ದಶಕದಲ್ಲಿ, ಹೆಂಡದಂಗಡಿಯಲ್ಲಿ ಕುಳಿತ ಒಬ್ಬ ಬಡವನ ಬಾಯಿಂದ, ಅವನ ಆಡುಮಾತಿನಲ್ಲಿಯೇ, ಅವನ ಪ್ರೀತಿಯನ್ನೂ ಅಳುವನ್ನೂ ಕನ್ನಡದ ಅಭಿಮಾನವನ್ನೂ ನುಡಿಸಿದರು. ಅಂದಿನ ಸಭ್ಯರಲ್ಲಿ ಮೂಗು ಮುರಿದವರಿದ್ದರು. ಇಂದು ಆ ಪದಗಳನ್ನು ಮದುವೆಯ ಮನೆಯಲ್ಲಿಯೂ ಹಾಡುವರು. ರತ್ನನು ಕುಡಿದನು, ಮಾತಾಡಿದುದು ಕನ್ನಡ. ಇಂದಿನ ರಸಿಕನು ಕುಡಿಯುವನು, ಮಾತಾಡುವುದು ಚೀಟಿ. ಇವರಲ್ಲಿ ಭಾಷೆಗೆ ಅಪಚಾರ ಮಾಡಿದವನಾರು?

ಕುಡಿತವು ಮನೆಗಳನ್ನು ಹಾಳು ಮಾಡಿದೆ ಎಂಬ ಮಾತು ಸುಳ್ಳಲ್ಲ. ೧೯೮೧ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯವನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸಾರಾಯಿಯ ಮಾರಾಟವನ್ನು ಸರ್ಕಾರವು ೨೦೦೭ರ ಜುಲೈಯಿಂದ ನಿಲ್ಲಿಸಿತು. ಹಳ್ಳಿಯ ಹೆಂಗಸರು ಅದಕ್ಕಾಗಿ ಪಟ್ಟ ಪಾಡನ್ನು ಹಗುರವಾಗಿ ಎಣಿಸುವವನು ಮನುಷ್ಯನಲ್ಲ. ಆದರೆ ಆ ದುರಂತವನ್ನೇ ಸರಿಯಾಗಿ ಓದಿದರೆ ಬೇರೊಂದು ಪಾಠ ಕಾಣುವುದು. ಬಡವನು ಕುಡಿದ ಆ ಪಾನೀಯಕ್ಕೆ ಊರಿರಲಿಲ್ಲ, ಪೇರಿರಲಿಲ್ಲ. ಯಾರು ಕಾಯಿಸಿದರು, ಏನು ಬೆರೆಸಿದರು ಎಂದು ಕೇಳುವ ಬಾಯಿರಲಿಲ್ಲ. ಉಳ್ಳವನ ಲೋಟದ ಪಕ್ಕದಲ್ಲಿಯಾದರೋ ಬೆಟ್ಟದ ಎತ್ತರ ಸಹ ಬರೆದಿದೆ. ಕುಡಿಯುವ ವಸ್ತುವಿನ ಹುಟ್ಟನ್ನು ಕೇಳುವ ಹಕ್ಕು ಶ್ರೀಮಂತನ ವಿಲಾಸವಾಗಿ ಉಳಿದಿರುವುದು ಅಸಹ್ಯವಾದ ಸಂಗತಿ. ಮದ್ಯದ ಮಾತನ್ನು ಕನ್ನಡದಿಂದ ಹೊರಗಟ್ಟುವ ಸಭ್ಯರು ಈ ಮೌನಕ್ಕೆ ತಮ್ಮ ಪಾಲನ್ನೂ ಸೇರಿಸುತ್ತಿದ್ದಾರೆ. ಬೇಡವೆನ್ನುವುದಕ್ಕೂ ಕನ್ನಡ ಬೇಕು, ಕೆಟ್ಟಿದೆಯೆನ್ನುವುದಕ್ಕೂ ಕನ್ನಡ ಬೇಕು.

ಅದಂತಿರಲಿ. ಪಬ್ಬಿನವರನ್ನು ಕೇಳಬೇಕಾದ ಪ್ರಶ್ನೆಯೊಂದು ಇನ್ನೂ ಉಳಿದಿದೆ. ಲೋಟದಲ್ಲಿ ಕಾಫಿಯ ಪಾಲು ಅತ್ಯಲ್ಪ. ಧಾನ್ಯದ ಪಾಲೇ ಹೆಚ್ಚು. ಅತ್ಯಲ್ಪವಾದುದಕ್ಕೆ ತೋಟದ ಹೆಸರು ಸಹಿತ ಪರಿಚಯವಿದ್ದು, ಹೆಚ್ಚಿನ ಪಾಲಿನದಕ್ಕೆ ಏನೂ ಇಲ್ಲದಿರುವುದೇಕೆ? ಬಾರ್ಲಿ ರಾಜಸ್ಥಾನ, ಹರಿಯಾಣಗಳದೋ, ಜರ್ಮನಿಯಿಂದ ಮೂಟೆಯಲ್ಲಿ ಬಂದುದೋ, ಹಾಪ್ಸ್ ಯಾವ ಖಂಡದ್ದೋ, ಚೀಟಿಯಲ್ಲಿ ಸಾಮಾನ್ಯವಾಗಿ ಸುಳಿವಿಲ್ಲ. ಹೀಗಿರಲು ಇದನ್ನು ಒಂದೇ ನೆಲೆಯ ಪಾನೀಯವೆಂದು ಕರೆಯುವುದು, ಒಗ್ಗರಣೆಯ ಕರಿಬೇವು ಹಿತ್ತಲಿನದೆಂದು ಸಾರನ್ನೆಲ್ಲ ಹಿತ್ತಲಿನದೆಂದಂತೆ.

ರಾಗಿಯನ್ನು ಬೆರೆಸಿ ಬೀರು ಮಾಡಿದ ಪ್ರಯೋಗಗಳೂ ಬೆಂಗಳೂರಿನಲ್ಲಿ ನಡೆದಿವೆ. ಮೊಳಕೆ ಕಟ್ಟುವುದರಲ್ಲಿ ಕಿರುಧಾನ್ಯಗಳ ಪೈಕಿ ರಾಗಿಗೆ ಎತ್ತಿದ ಕೈಯೆಂಬುದು ಮೈಸೂರಿನ ಆಹಾರ ಸಂಶೋಧನಾಲಯದ ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದ ವಿಷಯ. ಕಂದು ಏಲಿನ ಹುರಿಗಂಪಿಗೂ ಅದಕ್ಕೂ ಹೊಂದಿಕೆ ಸಹಜವಾದುದು. ವಿನೋದವೇನೆಂದರೆ, ಮೂಲವನ್ನು ಹುಡುಕುತ್ತ ಹೋದರೆ ರಾಗಿಯೂ ಕಾಫಿಯೂ ಒಂದೇ ದಿಕ್ಕಿನವು. ಎರಡೂ ಆಫ್ರಿಕದ ಪೂರ್ವದ ಎತ್ತರದ ನಾಡುಗಳಲ್ಲಿ ಹುಟ್ಟಿ, ಒಂದು ಸಾವಿರಾರು ವರ್ಷಗಳ ಹಿಂದೆ, ಇನ್ನೊಂದು ನಿನ್ನೆ ಮೊನ್ನೆ ಎಂಬಂತೆ, ಕನ್ನಡದ ನೆಲಕ್ಕೆ ಬಂದುವು. ಬಂದ ಧಾನ್ಯಕ್ಕೆ ಇಲ್ಲಿ ಎಂಥ ಮರ್ಯಾದೆ ಸಂದಿತೆಂಬುದಕ್ಕೆ ಕನಕದಾಸರ ರಾಮಧಾನ್ಯ ಚರಿತ್ರೆಯೇ ಸಾಕ್ಷಿ. ಅಲ್ಲಿ ಬತ್ತಕ್ಕೂ ರಾಗಿಗೂ ಹುಟ್ಟಿದ ಜಗಳವನ್ನು ರಾಮನು ಮಾತಿನಿಂದ ತೀರಿಸುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕಂದದೆ ಉಳಿದ ರಾಗಿಗೆ ತನ್ನ ಹೆಸರನ್ನು ಕೊಡುವನು. ಪರೀಕ್ಷೆ ಮೊದಲು, ಹೆಸರು ಆಮೇಲೆ. ಕಳೆದ ಶತಮಾನದಲ್ಲಿಯೂ ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ಸಂಶೋಧನಾಕ್ಷೇತ್ರದಲ್ಲಿ ಭಾರತದ ತಳಿಗೂ ಆಫ್ರಿಕದ ತಳಿಗೂ ಕೂಡಿಕೆ ಮಾಡಿ, ಇಂಡಾಫ್ ಎಂಬ ಹೆಸರಿನಲ್ಲಿಯೇ ಎರಡೂ ನೆಲಗಳ ಋಣವನ್ನು ದಾಖಲಿಸಿದರು.

ಅಂಥ ರಾಗಿಯು ಪಬ್ಬಿನ ಚೀಟಿಗೆ ಬಂದಾಗ ಬರಿಯ ರಾಗಿ. ಕ್ಲೋಸ್‌ಪೇಟೆಯಾಗಿ, ರಾಮನಗರವಾಗಿ, ೨೦೦೭ರಲ್ಲಿ ಜಿಲ್ಲೆಯಾಗಿ, ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರನ್ನೂ ಹೊತ್ತ ಈ ಸೀಮೆಯು ಹೆಸರಿನ ಬದಲಾವಣೆಗಳನ್ನು ಸಾಕಷ್ಟು ಕಂಡಿದೆ. ಅದರ ಹೊಲಗಳಿಗೆ ಮಾತ್ರ ಆ ಚೀಟಿಯಲ್ಲಿ ಇನ್ನೂ ಒಂದು ಸಾಲಿನ ಜಾಗ ದೊರೆತಿಲ್ಲ. ಕುದೂರಿನ ಕೆಮ್ಮಣ್ಣಿನ ರಾಗಿಯೋ, ಸಾತನೂರಿನ ಕಡೆಯದೋ, ಯಾವ ತಳಿಯೋ, ಮಳೆ ಹಿಡಿದ ವರ್ಷದ್ದೋ ಮಳೆ ತಪ್ಪಿದ ವರ್ಷದ್ದೋ ಎಂದು ಗಿರಾಕಿಯೊಬ್ಬನು ಕನ್ನಡದಲ್ಲಿ ಕೇಳಿದನೆನ್ನಿ. ಉತ್ತರ ಹೇಳಬೇಕಾದವನು ಲೋಟವನ್ನು ತಂದಿಟ್ಟ ಆ ಮಾಗಡಿಯ ಹುಡುಗನೇ. ಅವನ ಮನೆಯಲ್ಲಿ ರಾಗಿಯನ್ನು ಒಕ್ಕಿದ್ದಾರೆ, ಕೇರಿದ್ದಾರೆ, ಮೊಳಕೆ ಕಟ್ಟಿದ್ದಾರೆ. ಉತ್ತರ ಅವನಿಗೆ ಗೊತ್ತಿದ್ದರೂ ಇರಬಹುದು. ಈವರೆಗೆ ಅವನನ್ನು ಯಾರೂ ಕೇಳಿಲ್ಲ.